ಕರ್ಜಗಿಯಿಂದ ಕಡಲಿಗೆ: ಒಂದೇ ಮನೆ, ಒಂದು ವಾರ

ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ಕರ್ಜಗಿ, ಹಾವೇರಿ, ಬ್ಯಾಡಗಿ ಕಡೆಯ ಮನೆಗಳಲ್ಲಿ ಕಡಲಿಗೆ ಹೋಗುವ ಮಾತು ಏಳುತ್ತದೆ. ‘ಹೆಂಗೂ ಹೊಂಟೇವಿ, ಶಿರಸಿ ಮಾರಿಕಾಂಬಾನ ದರ್ಶನ ಮಾಡೂಣು’ ಎನ್ನುತ್ತಾಳೆ ಅಜ್ಜಿ. ‘ಜೋಗಾನೂ ಮುಗಿಸೂಣು’ ಎನ್ನುತ್ತಾನೆ ಕಾಕಾ. ‘ಅಷ್ಟ ದೂರ ಹೋಗಿ ಧರ್ಮಸ್ಥಳ ಬಿಟ್ಟು ಬರೂದ ಹೆಂಗ?’ ದೊಡ್ಡವ್ವನ ಪ್ರಶ್ನೆ. ಕೊನೆಗೆ ಟೆಂಪೋ ಟ್ರಾವೆಲರ್ ಹಿಡಿದು ಮೂರು ದಿನದಲ್ಲಿ ಏಳು ಊರು ಸುತ್ತಿ ಬಂದು, ಮತ್ತೆರಡು ದಿನ ಮಲಗಿ ಸುಧಾರಿಸಿಕೊಳ್ಳಬೇಕು. ಕಡಲಿನ ಪಾಲಿಗೆ ಸಿಕ್ಕಿದ್ದು ಮುರುಡೇಶ್ವರದಲ್ಲಿ ಮುಕ್ಕಾಲು ತಾಸು, ಅದೂ ಮಟಮಟ ಮಧ್ಯಾಹ್ನ.

ಇಲ್ಲಿ ಹೇಳಹೊರಟಿರುವುದು ಬೇರೆ ಥರದ ರಜೆ. ಕಡಲ ಪಕ್ಕ ಒಂದು ಮನೆ ಹಿಡಿದು, ಐದಾರು ದಿನ ಅಲ್ಲೇ ಇದ್ದು, ಉಂಡು, ಮಲಗಿ, ಸಂಜೆ ಕಾಲು ನೆನೆಸಿಕೊಂಡು ಬರುವುದು. ಇದೇನೂ ಹೊಸ ಷೋಕಿಯಲ್ಲ. 1882-83ರ ಸುಮಾರಿಗೆ ಇಪ್ಪತ್ತೆರಡರ ಆಸುಪಾಸಿನ ರವೀಂದ್ರನಾಥ ಟ್ಯಾಗೋರ್ ಕಾರವಾರದಲ್ಲಿ ಹೀಗೇ ಇದ್ದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಮನೆಮಂದಿಯೆಲ್ಲ ಕಡಲೂರಿಗೆ ಬಂದಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಸುತ್ತಿದ್ದನ್ನು ಅವರು ಮುಂದೆ ತಮ್ಮ ನೆನಪುಗಳಲ್ಲಿ ಬರೆದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಹುಟ್ಟಿದ್ದೂ ಅಲ್ಲೇ. ನಮಗೆ ನಾಟಕ ಬರೆಯುವ ಜರೂರಿಲ್ಲ, ನಿದ್ದೆಯಾದರೂ ಸಾಕು.

ಮೊದಲು ದಿನ ಹಿಡಿಯಿರಿ

ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಆದರೆ ಒಕ್ಕಲುತನದ ಮನೆಗೆ ಅಷ್ಟೂ ದಿನ ಬಿಡುವಿರುವುದಿಲ್ಲ. ಮೇ 11ರ ಹೊತ್ತಿಗೆ ಕೃತ್ತಿಕಾ, 25ರ ಹೊತ್ತಿಗೆ ರೋಹಿಣಿ ಮಳೆ ಕೂಡುತ್ತದೆ. ಹೊಲ ಹದ ಮಾಡುವುದು, ಬೀಜ-ಗೊಬ್ಬರಕ್ಕೆ ಓಡಾಡುವುದು ಶುರುವಾದರೆ ಮನೆಯ ಯಜಮಾನನ ಮೈ ಕಡಲ ದಂಡೆಯಲ್ಲಿದ್ದರೂ ಮನಸ್ಸು ಹೊಲದಲ್ಲೇ ಇರುತ್ತದೆ. ಕಾರಹುಣ್ಣಿಮೆಯಂತೂ ಕರ್ಜಗಿಯಲ್ಲಿ ಬಿಟ್ಟಿರಲಾಗದ ಹಬ್ಬ. ಅದರ ಹತ್ತಿರಕ್ಕೆ ಯಾವ ಪ್ರವಾಸವನ್ನೂ ತರಬೇಡಿ. ಬಸವ ಜಯಂತಿಯ ಆಚೀಚೆ ಮದುವೆಗಳ ಗದ್ದಲ. ಇದನ್ನೆಲ್ಲ ಕಳೆದರೆ ಉಳಿಯುವುದು ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದವರೆಗಿನ ಅವಧಿ. ಅದರಲ್ಲೂ ಸೋಮವಾರ ಹೋಗಿ ಶುಕ್ರವಾರ ಮರಳುವುದು ಲೇಸು. ಶನಿವಾರ, ಭಾನುವಾರ ಗೋಕರ್ಣದ ಕಡೆ ವಾಹನಗಳ ಸಾಲು ನೋಡಿದರೆ ಹೋದ ದಾರಿಗೇ ವಾಪಸ್ ಬರುವ ಮನಸ್ಸಾಗುತ್ತದೆ. ಮೇ ಕೊನೆಯ ವಾರವನ್ನಂತೂ ಬಿಟ್ಟೇಬಿಡಿ: ಮುಂಗಾರಿಗೆ ಮೊದಲೇ ಕಡಲು ಕೆರಳಿರುತ್ತದೆ.

ಮನೆ ಗೊತ್ತು ಮಾಡುವಾಗ

ಗೋಕರ್ಣದ ಓಂ, ಕುಡ್ಲೆ ದಂಡೆಗಳು ಚೆಂದವೇ, ಆದರೆ ಅಲ್ಲಿ ಗದ್ದಲ. ಅಜ್ಜ-ಅಜ್ಜಿ, ಮೊಮ್ಮಕ್ಕಳ ಸಂಸಾರಕ್ಕೆ ಕುಮಟಾ ಸುತ್ತಲಿನ ಬಾಡ, ಕಡ್ಲೆ, ಧಾರೇಶ್ವರದ ಕಡೆ ಹುಡುಕಿ ನೋಡಿ. ಸಣ್ಣ ಮಕ್ಕಳೇ ಹೆಚ್ಚಿದ್ದರೆ ಹೊನ್ನಾವರದ ಕಾಸರಕೋಡಿಗೆ ಹತ್ತಿರದಲ್ಲಿ ಮನೆ ಸಿಕ್ಕರೆ ಒಳ್ಳೆಯದು. ಅಲ್ಲಿಯ ದಂಡೆಗೆ 2020ರಲ್ಲಿ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಗೆ ಸ್ನಾನದ ಜಾಗ ಗುರುತು ಮಾಡಿರಬೇಕು, ಜೀವರಕ್ಷಕರಿರಬೇಕು, ನೀರಿನ ತಪಾಸಣೆ ನಡೆಯುತ್ತಿರಬೇಕು.

ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಕೇಳಿ. ಮುಂಗಡ ಕಳಿಸುವ ಮೊದಲು ವಿಡಿಯೋ ಕರೆ ಮಾಡಿ ಮನೆಯನ್ನೂ ಕಡಲಿಗೆ ಹೋಗುವ ದಾರಿಯನ್ನೂ ತೋರಿಸಿ ಎನ್ನಿ. ಫೋಟೊದಲ್ಲಿ ಅಂಗಳದ ಮುಂದೆಯೇ ಕಾಣುವ ಸಮುದ್ರ ಹೆದ್ದಾರಿಯ ಆಚೆಗಿರುವುದುಂಟು. ದಂಡೆ ಮರಳಿನದೋ ಬಂಡೆಗಲ್ಲಿನದೋ, ಶೌಚಾಲಯ ಎಷ್ಟು, ಮಂಡಿನೋವಿನವರಿಗೆ ಕೆಳಗಡೆ ಕೋಣೆ ಉಂಟೋ, ಸೊಳ್ಳೆ ಪರದೆ ಇದೆಯೋ, ಇವೆಲ್ಲ ಕೇಳಲೇಬೇಕಾದ ಮಾತು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮಾತ್ರ ನಮ್ಮ ಕಡೆಯವರು ಕೇಳುವುದೇ ಇಲ್ಲ: ಬಾವಿ ನೀರು ಹೇಗಿದೆ? ಕಡಲಂಚಿನ ಎಷ್ಟೋ ಬಾವಿಗಳಲ್ಲಿ ಬೇಸಿಗೆ ಏರಿದಂತೆ ಸಿಹಿನೀರು ಇಳಿದು ಉಪ್ಪುನೀರು ನುಗ್ಗುತ್ತದೆ. ಮಾರ್ಚ್‌ನಲ್ಲಿ ಚೆನ್ನಾಗಿದ್ದ ನೀರು ಮೇ ಹೊತ್ತಿಗೆ ಸವಳಾಗಿ, ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ. ‘ನೀರು ಉಂಟಾ?’ ಎಂದರೆ ಯಾರಾದರೂ ಉಂಟು ಎಂದೇ ಹೇಳುತ್ತಾರೆ. ‘ಮೇ ತಿಂಗಳಲ್ಲಿ ಕುಡಿಯಲಿಕ್ಕೆ ಆಗುತ್ತದಾ?’ ಎಂದು ಕೇಳಬೇಕು.

ನೀವು ಸಸ್ಯಾಹಾರಿಗಳಾದರೆ ಅದನ್ನೂ ಸಂಕೋಚವಿಲ್ಲದೆ ಮೊದಲೇ ಹೇಳಿ. ಕರಾವಳಿಯ ಮನೆಯಲ್ಲಿ ಮೀನು ಬೇಯುವುದು ಸಹಜ. ಅಲ್ಲಿ ಹೋಗಿ ಮೂಗು ಮುರಿಯುವುದು ಸಭ್ಯತೆಯಲ್ಲ. ಎರಡು ಪಾತ್ರೆ, ಒಂದು ಹಂಚು ನಮ್ಮದೇ ಇದ್ದರೆ ತಂಟೆಯೇ ಇಲ್ಲ.

ದಾರಿ

ಹಾವೇರಿ, ಹಾನಗಲ್, ಶಿರಸಿ, ಅಲ್ಲಿಂದ ದೇವಿಮನೆ ಘಾಟಿ ಇಳಿದು ಕುಮಟಾ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ಈ ಘಾಟಿ ರಸ್ತೆಯನ್ನು ಅಗಲೀಕರಣ, ದುರಸ್ತಿಯ ಕಾರಣಕ್ಕೆ ಆಗಾಗ ಬಂದ್ ಮಾಡಿದ್ದುಂಟು. ಹೊರಡುವ ಹಿಂದಿನ ದಿನ ಶಿರಸಿ ಕಡೆಯವರನ್ನು ಒಂದು ಮಾತು ಕೇಳಿಬಿಡಿ. ಬಂದ್ ಇದ್ದರೆ ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪ ಹಾದು ಹೊನ್ನಾವರಕ್ಕೆ ಇಳಿಯಬಹುದು. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಬಿಸಿಲೇರುವ ಮೊದಲೇ ಘಾಟಿ ಮುಗಿಯುತ್ತದೆ. ತಿರುವುಗಳಲ್ಲಿ ವಾಂತಿ ಮಾಡುವ ಮಕ್ಕಳಿದ್ದರೆ ಶಿರಸಿಯಲ್ಲಿ ಎರಡು ಇಡ್ಲಿಗೇ ನಿಲ್ಲಿಸಿ, ಮಸಾಲೆ ದೋಸೆಯನ್ನು ಕೆಳಗಿಳಿದ ಮೇಲೆ ನೋಡಿಕೊಳ್ಳಬಹುದು.

ಸ್ವಂತ ಗಾಡಿ ಇಲ್ಲದವರು ಹಾವೇರಿಯಿಂದ ಶಿರಸಿಗೆ, ಶಿರಸಿಯಿಂದ ಕುಮಟಾಕ್ಕೆ ಬಸ್ ಬದಲಿಸಿದರಾಯಿತು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚೂ ಇಲ್ಲ. ಆಧಾರ್ ಕಾರ್ಡ್ ಪೆಟ್ಟಿಗೆಯ ತಳದಲ್ಲಿಡದೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ರೊಟ್ಟಿ ಮತ್ತು ಅಡುಗೆಮನೆ

ಕಡಲೂರಿನ ಹವೆಯಲ್ಲಿ ಖಡಕ್ ರೊಟ್ಟಿ ಖಡಕ್ ಉಳಿಯುವುದಿಲ್ಲ. ಊರಲ್ಲಿ ತಿಂಗಳುಗಟ್ಟಲೆ ಪಟಪಟ ಮುರಿಯುವ ರೊಟ್ಟಿ ಅಲ್ಲಿ ತೆರೆದಿಟ್ಟ ಮರುದಿನವೇ ಬಾಗುತ್ತದೆ, ಮೂರನೇ ದಿನಕ್ಕೆ ಮುಗ್ಗಲು ವಾಸನೆ. ಹತ್ತು ಹತ್ತರ ಕಟ್ಟು ಮಾಡಿ, ಗಾಳಿಯಾಡದ ಚೀಲದಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ದಿನಕ್ಕೊಂದು ಕಟ್ಟು ಮಾತ್ರ ಬಿಚ್ಚಿ. ಮೆತ್ತಗಾದದ್ದನ್ನು ಹಂಚಿನ ಮೇಲೆ ಎರಡೂ ಮಗ್ಗುಲು ಬಿಸಿ ಮಾಡಿದರೆ ಮತ್ತೆ ಗರಿಗರಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗೂ ಇದೇ ನಿಯಮ, ಒದ್ದೆ ಚಮಚ ತಾಗಿಸಬಾರದು. ಸವಣೂರು ಖಾರ ಒಯ್ದರೆ ದಾರಿಯಲ್ಲೇ ಮುಗಿಸಿ.

ಮನೆ ಕೊಟ್ಟವರಿಗೆ ಉಡುಗೊರೆ ಏನು ಒಯ್ಯುವುದೆಂದು ತಲೆ ಕೆಡಿಸಿಕೊಳ್ಳಬೇಡಿ. ಬ್ಯಾಡಗಿ ಮೆಣಸಿನಕಾಯಿ ಒಂದು ಕಿಲೋ, ಸುಕ್ಕು ಹೆಚ್ಚಿರುವ ಡಬ್ಬಿ ತಳಿಯದು. ಖಾರ ಕಡಿಮೆ, ಬಣ್ಣ ಜಾಸ್ತಿ. ಕರಾವಳಿಯ ಮಸಾಲೆಗೆ ಬೇಕಾದದ್ದು ಅದೇ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಈ ಕಾಯಿಯನ್ನು ಅವರು ದುಡ್ಡು ಕೊಟ್ಟು ಕೊಳ್ಳುತ್ತಲೇ ಇರುತ್ತಾರೆ. ಬೆಳೆಯುವ ಊರಿನಿಂದಲೇ ಬಂದರೆ ಅದರ ಮರ್ಯಾದೆ ಬೇರೆ.

ಈಗ ಒಂದು ಕಠಿಣ ಮಾತು. ನಾಲ್ಕು ಸಂಸಾರ ಒಟ್ಟಿಗೆ ಮನೆ ಹಿಡಿದಾಗ ಗಂಡಸರು, ಮಕ್ಕಳು ರಜೆಯಲ್ಲಿರುತ್ತಾರೆ. ಅಕ್ಕ, ಅತ್ತಿಗೆ, ಸೊಸೆಯಂದಿರು ಅಪರಿಚಿತ ಒಲೆಯ ಮುಂದೆ ಹದಿನಾಲ್ಕು ಮಂದಿಗೆ ರೊಟ್ಟಿ ಬಡಿಯುತ್ತಿರುತ್ತಾರೆ. ‘ಮನಿ ಊಟನ ಚಲೋ’ ಎನ್ನುವವರೇ ಎದ್ದು ಪಲ್ಯ ಹೆಚ್ಚಲಿ. ಹೊರಡುವ ಮೊದಲೇ ತೀರ್ಮಾನವಾಗಲಿ: ಬೆಳಗಿನ ತಿಂಡಿಗೆ ಅವಲಕ್ಕಿ, ಚುರುಮುರಿ, ಬಾಳೆಹಣ್ಣು, ಒಲೆಯ ಕೆಲಸ ಅರ್ಧ ತಾಸು ಮೀರಬಾರದು. ಮಧ್ಯಾಹ್ನದ ಊಟ ಹತ್ತಿರದ ಮನೆಯವರಿಂದಲೋ ಖಾನಾವಳಿಯಿಂದಲೋ. ರಾತ್ರಿ ಅನ್ನ, ತಂಬುಳಿ, ಒಯ್ದ ರೊಟ್ಟಿ. ಪಾತ್ರೆ ತೊಳೆಯುವ ಪಾಳಿಯಲ್ಲಿ ಅಳಿಯಂದಿರ ಹೆಸರೂ ಇರಲಿ. ಖರ್ಚಿನ ಲೆಕ್ಕ ಒಬ್ಬರ ಕೈಯಲ್ಲಿರಲಿ, ಅದೂ ಮೊದಲ ದಿನವೇ ಎಲ್ಲರಿಂದ ಸಮನಾಗಿ ಎತ್ತಿದ ದುಡ್ಡಿನಲ್ಲಿ.

ಏಪ್ರಿಲ್–ಮೇನಲ್ಲಿ ಕುಮಟಾದ ಹಂದಿಗೋಣ, ಅಳ್ವೇಕೋಡಿಯ ಕಡೆ ಹೆದ್ದಾರಿ ಪಕ್ಕ ಒಣ ದಂಟು ಹೆಣೆದ ಉಳ್ಳಾಗಡ್ಡಿಯ ಗೊಂಚಲುಗಳನ್ನು ತೂಗುಹಾಕಿ ಮಾರುತ್ತಾರೆ. ಕಣ್ಣಲ್ಲಿ ನೀರು ತರಿಸುವ ನಮ್ಮದರಂತಲ್ಲ ಇದು, ಹಸಿಯಾಗಿ ಕಚ್ಚಿದರೂ ಸಿಹಿ. ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಪಕ್ಕಕ್ಕೆ ಕುಮಟಾ ಉಳ್ಳಾಗಡ್ಡಿ ಇದ್ದರೆ ರಾತ್ರಿಗೆ ಬೇರೆ ಅಡುಗೆ ಬೇಕಿಲ್ಲ.

ನೀರಿಗಿಳಿಯುವ ಮುನ್ನ

ವರದಾ ನದಿಯ ಮಡುವಿನಲ್ಲಿ ಈಜು ಕಲಿತವರಿಗೆ ಕಡಲಲ್ಲಿ ಅಪಾಯ ಕಡಿಮೆಯಲ್ಲ, ಹೆಚ್ಚು. ಏಕೆಂದರೆ ಅವರಿಗೆ ಹೆದರಿಕೆ ಇರುವುದಿಲ್ಲ. ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲಲ್ಲಿ ಅಲೆ ದಂಡೆಗೆ ತಂದು ಸುರಿದ ನೀರು ತಿರುಗಿ ಹೋಗಲು ಎಲ್ಲೋ ಒಂದು ಕಡೆ ಕಿರಿದಾದ ಹಾದಿ ಮಾಡಿಕೊಂಡು ಜೋರಾಗಿ ಒಳಕ್ಕೆ ಎಳೆಯುತ್ತದೆ. ಅದನ್ನು ಗುರುತಿಸುವುದು ಹೀಗೆ: ಎಡಕ್ಕೂ ಬಲಕ್ಕೂ ಅಲೆಗಳು ಬಿಳಿ ನೊರೆಯಾಗಿ ಒಡೆಯುತ್ತಿರುತ್ತವೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ ನೀರು ಶಾಂತವಾಗಿ, ತುಸು ಗಾಢವಾಗಿ ಅಥವಾ ಮರಳು ಕಲಸಿ ರಾಡಿಯಾಗಿ ಕಾಣುತ್ತದೆ. ‘ಇಲ್ಲಿ ಅಲೆ ಇಲ್ಲ’ ಎಂದು ಜನ ಅಲ್ಲೇ ಇಳಿಯುತ್ತಾರೆ. ಇಳಿಯಬಾರದ ಜಾಗವೇ ಅದು.

ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆಗೆ ಈಜಲು ಹೆಣಗಬೇಡಿ, ಎಂಥ ಈಜುಗಾರನಿಗೂ ತೋಳು ಸೋಲುತ್ತದೆ. ಮೈ ಸಡಿಲ ಬಿಟ್ಟು ತೇಲಿ, ಕೈ ಎತ್ತಿ ಕೂಗಿ. ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಅಲೆಯೊಂದಿಗೆ ತಿರುಗಿ ಬನ್ನಿ. ಬೇರೆಯವರು ಸಿಕ್ಕಿಕೊಂಡದ್ದು ಕಂಡರೆ ಹಿಂದೆ ಹಾರಬೇಡಿ. ಜೀವರಕ್ಷಕರನ್ನು ಕೂಗಿ, ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆಯಿರಿ, 112ಕ್ಕೆ ಕರೆ ಮಾಡಿ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆದ್ದರಿಂದ ಕೆಂಪು ಬಾವುಟ ಕಂಡಾಗ, ಜೀವರಕ್ಷಕ ಸೀಟಿ ಊದಿದಾಗ ವಾದಕ್ಕೆ ನಿಲ್ಲಬೇಡಿ.

ಮಕ್ಕಳಿಗೆ ಮೊಣಕಾಲಿನವರೆಗೆ ಗಡಿ, ಮತ್ತು ಪ್ರತಿ ಸರದಿಗೂ ಒಬ್ಬ ದೊಡ್ಡವರು ಮೊಬೈಲ್ ಮುಟ್ಟದೆ ಅವರನ್ನೇ ನೋಡುತ್ತ ನಿಲ್ಲಬೇಕು. ‘ಎಲ್ಲಾರೂ ಅದಾರಲ್ಲ’ ಅಂದರೆ ಯಾರೂ ನೋಡುತ್ತಿಲ್ಲವೆಂದೇ ಲೆಕ್ಕ. ಸೀರೆ ಉಟ್ಟು ನೀರಿಗಿಳಿಯಬೇಡಿ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಮೊಣಕಾಲುದ್ದ ನೀರಲ್ಲೂ ಏಳಲಾಗದು. ಚೂಡಿದಾರ ವಾಸಿ.

ಉಬ್ಬರ, ಇಳಿತದ ಹೊತ್ತನ್ನು ಮೀನುಗಾರರನ್ನು ಕೇಳಿ ತಿಳಿದುಕೊಳ್ಳಿ. ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಜೋರು. ಬಂಡೆ ಹತ್ತಿ ಕೂರುವವರಿಗೆ ಈ ಲೆಕ್ಕ ಗೊತ್ತಿಲ್ಲದಿದ್ದರೆ ವಾಪಸ್ ಬರುವ ದಾರಿ ನೀರಿನಡಿ ಹೋಗಿರುತ್ತದೆ. ಇನ್ನೊಂದು, ಏಪ್ರಿಲ್–ಮೇನಲ್ಲಿ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲೆದ್ದ ಅಲೆಗಳು ಇಲ್ಲಿ ಗಾಳಿ, ಮೋಡ ಏನೂ ಇಲ್ಲದ ದಿನವೂ ದಂಡೆಗೆ ನುಗ್ಗುವುದುಂಟು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ‘ಇಂಕಾಯಿಸ್’ ಇದರ ಮುನ್ಸೂಚನೆ ಕೊಡುತ್ತದೆ. ಅಂಥ ದಿನ ಅಂಗಳದಲ್ಲೇ ಆಡಿ.

ಏನೂ ಮಾಡದ ಹೊತ್ತು

ಕರಾವಳಿಯ ಬಿಸಿಲು ಅಂಕಿಯಲ್ಲಿ ಹಾವೇರಿಗಿಂತ ಕಡಿಮೆ, ಮೈಗೆ ಮಾತ್ರ ಹೆಚ್ಚು. ಬೆವರು ಆರುವುದೇ ಇಲ್ಲ. ಹತ್ತರಿಂದ ನಾಲ್ಕೂವರೆ ಮನೆಯೊಳಗೇ ಇರಿ. ಮುರುಗಲು ಶರಬತ್ತು, ಚೌಕಾಬಾರದ ಮನೆ, ಮಕ್ಕಳಿಗೆ ಕಥೆಪುಸ್ತಕ, ದೊಡ್ಡವರಿಗೆ ಚಾಪೆ. ಸುತ್ತಾಟ ಬೇಕೇ ಬೇಕೆಂದರೆ ಇಡೀ ವಾರಕ್ಕೆ ಒಂದು ಸಾಕು. ನನ್ನ ಓಟು ಅಘನಾಶಿನಿ ಅಳಿವೆಗೆ. ತದಡಿಯಲ್ಲಿ ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಬನ್ನಿ. ಇಳಿತದ ಹೊತ್ತಾದರೆ ನದಿಯ ಕೆಸರಿನಲ್ಲಿ ಬಳಚು ಆಯುವವರು, ಅಂಚಿಗೆ ಕಾಂಡ್ಲಾ ಗಿಡಗಳು ಕಾಣುತ್ತವೆ. ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆಗೇ 2024ರ ಜನವರಿಯಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದ ಜಾಗ ಇದು. ಮಿರ್ಜಾನ ಕೋಟೆ, ಯಾಣ ಎಲ್ಲ ಮುಂದಿನ ವರ್ಷಕ್ಕಿರಲಿ.

ಹೊರಡುವ ದಿನ

ಅಂಕೋಲಾ ಕಡೆಯ ಕರಿ ಇಶಾಡ ಮಾವು ಮೇನಲ್ಲಿ ಸಿಗುತ್ತದೆ, ಸಿಪ್ಪೆ ತೆಳು. ಘಾಟಿ ಹತ್ತುವಾಗ ಜಜ್ಜಿಹೋಗದಂತೆ ಬುಟ್ಟಿಯಲ್ಲಿ ಹುಲ್ಲು ಹಾಸಿ ಮೇಲುಗಡೆ ಇಡಿ. ಒಣ ಮುರುಗಲು ಸಿಪ್ಪೆ ಅರ್ಧ ಕಿಲೋ ಇದ್ದರೆ ಮುಂದಿನ ಬೇಸಿಗೆವರೆಗೆ ಸಾಲುತ್ತದೆ. ಕಾರನ್ನು ದಂಡೆಯ ಮರಳಿಗೆ ಇಳಿಸಿದ್ದರೆ ಊರಿಗೆ ಬಂದ ದಿನವೇ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ, ಉಪ್ಪಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಮನೆ ಹಿಡಿಸಿದ್ದರೆ ಬೀಗ ಕೊಡುವಾಗಲೇ ಮುಂದಿನ ವರ್ಷದ ವಾರವನ್ನು ಹೇಳಿಬಿಡಿ. ಏಪ್ರಿಲ್ ಕೊನೆಯ ಎರಡು ವಾರ ಎಲ್ಲಕ್ಕಿಂತ ಮೊದಲು ಭರ್ತಿಯಾಗುತ್ತವೆ.