ಹರಿವಾಸರವೂ ಔಷಧವೂ

ಹೊಸ ಪಂಚಾಂಗವು ಕೈಗೆ ಬಂದೊಡನೆ ಮಾಧ್ವ ಗೃಹಸ್ಥರು ಮೊದಲು ಹುಡುಕುವುದು ಏಕಾದಶಿಗಳನ್ನು. ವರ್ಷಕ್ಕೆ 24, ಅಧಿಕಮಾಸ ಬಿದ್ದರೆ 26. ಸೂರ್ಯೋದಯಕ್ಕೆ 4 ಘಳಿಗೆ, ಎಂದರೆ 96 ನಿಮಿಷ ಮೊದಲಿನ ಅರುಣೋದಯದಲ್ಲಿ ದಶಮಿಯ ಸ್ಪರ್ಶವಿದ್ದರೆ ಆ ದಿನವು ವಿದ್ಧವೆನಿಸಿ, ನಮ್ಮ ಉಪವಾಸವು ಮರುದಿನಕ್ಕೆ ಸಲ್ಲುತ್ತದೆ. ಆದುದರಿಂದ ಕೆಲವೊಮ್ಮೆ ನೆರೆಮನೆಯ ಸ್ಮಾರ್ತರು ಪಾರಣೆ ಮಾಡುವ ದಿನ ನಾವು ಉಪವಾಸವಿರುವೆವು.

ದಶಮಿಯ ರಾತ್ರಿ, ಏಕಾದಶಿಯ ಎರಡು ಹೊತ್ತು, ದ್ವಾದಶಿಯ ರಾತ್ರಿ, ಹೀಗೆ ನಾಲ್ಕು ಭೋಜನಗಳ ತ್ಯಾಗವು ಈ ವ್ರತದ ಶರೀರ. ಶ್ರೀಮದಾಚಾರ್ಯರು 'ಕೃಷ್ಣಾಮೃತಮಹಾರ್ಣವ'ದಲ್ಲಿ ಇದರ ಮಹಿಮೆಯನ್ನು ವಿಸ್ತಾರವಾಗಿ ಸಂಗ್ರಹಿಸಿರುವರು. ಈ ದಿನಕ್ಕೆ ಕಛೇರಿಗಳು ರಜೆ ಕೊಡುವುದಿಲ್ಲ. ಆದರೂ ನಮ್ಮ ಮಂಗಳೂರಿನಲ್ಲಿ ಬ್ಯಾಂಕಿನ ಮೇಜಿನಲ್ಲಿಯೂ ಆಸ್ಪತ್ರೆಯ ರಾತ್ರಿಪಾಳಿಯಲ್ಲಿಯೂ ಒಂದು ಹನಿ ನೀರು ಮುಟ್ಟದೆ ಕೆಲಸ ಮಾಡುವವರು ಇದ್ದಾರೆ. ಸೆಕೆಗಾಲದಲ್ಲಿ ಇದು ಸಾಮಾನ್ಯ ಸಾಧನೆಯಲ್ಲ. ಊಟಕ್ಕಿಂತ ಭಾರವಾದ ಅವಲಕ್ಕಿ, ಉಪ್ಪಿಟ್ಟುಗಳಿಗೆ 'ಫಲಾಹಾರ'ವೆಂದು ಹೆಸರಿಟ್ಟು ಏಕಾದಶಿಯನ್ನು ಹಬ್ಬ ಮಾಡುವವರೂ ಇದ್ದಾರೆ. ಅವರ ವಿಚಾರ ಇಲ್ಲಿ ಬೇಡ. ನಮಗೆ ಚಿಂತೆ ಇರುವುದು ನಿಷ್ಠಾವಂತರ ವಿಷಯದಲ್ಲಿಯೇ.

ನಮ್ಮ ತಂದೆಯವರು ದೇವಸ್ಥಾನದ ಅರ್ಚಕರು. ವಯಸ್ಸು ಎಪ್ಪತ್ತನಾಲ್ಕು. ಹನ್ನೆರಡು ವರ್ಷಗಳಿಂದ ಮಧುಮೇಹ. ಆದರೂ ನಿರ್ಜಲ ಏಕಾದಶಿಯನ್ನು ಒಮ್ಮೆಯೂ ಬಿಟ್ಟವರಲ್ಲ. ಕಳೆದ ವರ್ಷ ಒಂದು ದ್ವಾದಶಿಯ ಬೆಳಗಿನ ಜಾವ ಅವರು ಸ್ನಾನಕ್ಕೆ ಏಳಲಿಲ್ಲ. ಮೈ ಬೆವರಿನಿಂದ ತೊಯ್ದಿತ್ತು, ಮಾತು ತೊದಲುತ್ತಿತ್ತು. ನಮ್ಮನ್ನು ದೊಡ್ಡಪ್ಪನ ಹೆಸರಿನಿಂದ ಕರೆದರು. ಮನೆಯ ಯಂತ್ರದಲ್ಲಿ ನೋಡಲು ರಕ್ತದ ಸಕ್ಕರೆ 48. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯದ ಸೂಚನೆ. ನುಂಗಲು ಶಕ್ತಿಯಿದ್ದುದರಿಂದ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದೆವು. ಹದಿನೈದು ನಿಮಿಷ ಬಿಟ್ಟು ಪುನಃ ಪರೀಕ್ಷಿಸಿದೆವು. ದೇವರ ದಯೆಯಿಂದ ಚೇತರಿಸಿಕೊಂಡರು.

ಕಾರಣ ಸರಳ. ಉಪವಾಸದ ದಿನವೂ ಅವರು ಮಾತ್ರೆಯನ್ನು ಎಂದಿನಂತೆ ನುಂಗಿದ್ದರು. ಗ್ಲಿಮೆಪಿರೈಡ್‌ನಂತಹ ಮಾತ್ರೆಗಳು ಹೊಟ್ಟೆಯಲ್ಲಿ ಅನ್ನವಿರಲಿ, ಇಲ್ಲದಿರಲಿ, ಇನ್ಸುಲಿನ್ನನ್ನು ಸ್ರವಿಸುವಂತೆ ಮಾಡಿ ಸಕ್ಕರೆಯನ್ನು ಇಳಿಸುತ್ತವೆ. ಹಾಗೆಂದು ಔಷಧವನ್ನು ತಾವಾಗಿಯೇ ನಿಲ್ಲಿಸುವುದೂ ಸಲ್ಲದು. ಚಿಕ್ಕಂದಿನಿಂದ ಇನ್ಸುಲಿನ್ನನ್ನೇ ಅವಲಂಬಿಸಿದವರು ಅದನ್ನು ಬಿಟ್ಟರೆ ಪ್ರಾಣಾಪಾಯ.

"ವೈದ್ಯರಿಗೆ ಏಕಾದಶಿಯ ವಿಷಯ ಹೇಳಿದ್ದೀರಾ, ಅಪ್ಪಯ್ಯ?" ಎಂದು ಕೇಳಿದೆವು. "ನಮ್ಮ ವ್ರತದ ಮಾತು ಅವರಿಗೇಕೆ? ಎಂಟು ವರ್ಷದಿಂದ ಎಂಬತ್ತರವರೆಗೆ ಉಪವಾಸ ಮಾಡಬೇಕೆಂದಿದೆ. ನನಗೆ ಇನ್ನೂ ಆರು ವರ್ಷ ಬಾಕಿ ಇದೆ" ಎಂದರು. ಶಾಸ್ತ್ರ ಬಲ್ಲವರ ಮುಂದೆ ನಮ್ಮ ಬಿ.ಎ. ಪದವಿಯು ಏನು ಮಾಡೀತು?

ಪಾಠಶಾಲೆಯಲ್ಲಿ ನಮಗೆ ಪಾಠ ಹೇಳಿದ ಹಿರಿಯರಲ್ಲಿಗೆ ಅವರನ್ನು ಕರೆದೊಯ್ದೆವು. ಅವರು ಮಹಾಭಾರತದ ಉದ್ಯೋಗಪರ್ವದಲ್ಲಿನ ವಿದುರನೀತಿಯನ್ನು ನೆನಪಿಸಿದರು. ಅಲ್ಲಿ ವ್ರತಕ್ಕೆ ಭಂಗ ತಾರದ ಎಂಟು ವಸ್ತುಗಳ ಎಣಿಕೆಯುಂಟು: ನೀರು, ಕಂದಮೂಲ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಚನ, ಔಷಧ. "ಭಟ್ಟರೇ, ಆರೋಗ್ಯವಂತನು ಇದನ್ನು ನೆಪ ಮಾಡಿಕೊಂಡು ಹಣ್ಣುಹಾಲು ಸೇವಿಸುವುದನ್ನು ನಾವು ಒಪ್ಪುವುದಿಲ್ಲ. ಆದರೆ ನೀವು ರೋಗಿಗಳು. ಔಷಧವೂ, ಅದು ಬೇಡುವ ಹಾಲೂ ನಿಮಗೆ ವ್ರತದೊಳಗೇ ಇವೆ. ಭಗವಂತನೊಬ್ಬನೇ ಸ್ವತಂತ್ರ, ಉಳಿದುದೆಲ್ಲ ಅಸ್ವತಂತ್ರ ಎಂದು 'ತತ್ತ್ವಸಂಖ್ಯಾನ'ದ ಪಾಠ ಹೇಳುತ್ತೇವಲ್ಲ. ಶರೀರವೊಂದು ಮಾತ್ರ ನಿಮ್ಮ ಸ್ವಂತದ್ದಾಯಿತೇ?" ಎಂದರು. ತಂದೆಯವರು ಉತ್ತರಿಸಲಿಲ್ಲ.

ಈ ತೊಡಕು ನಮ್ಮದೊಂದೇ ಅಲ್ಲ. ರಂಜಾನ್ ಉಪವಾಸವಿರುವ ಮಧುಮೇಹಿಗಳಿಗಾಗಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ಇತರ ತಜ್ಞರೊಡಗೂಡಿ 2016ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿ, 2021ರಲ್ಲಿ ಪರಿಷ್ಕರಿಸಿದೆ. ಯಾರು ಉಪವಾಸ ಮಾಡಬಾರದು, ಮಾಡುವವರು ಮಾತ್ರೆಯ ಹೊತ್ತನ್ನು ಹೇಗೆ ಬದಲಿಸಬೇಕು, ಯಾವಾಗ ಉಪವಾಸ ಮುರಿಯಬೇಕು ಎಂಬುದೆಲ್ಲ ಅದರಲ್ಲಿದೆ. ಇಲ್ಲಿಯ ವೈದ್ಯರಿಗೂ ಅದು ಪರಿಚಿತವೇ. ಏಕಾದಶಿಯ ಮಾತನ್ನಾಡಿದರೆ ಅವರು ನಗುವರೆಂಬ ಸಂಕೋಚಕ್ಕೆ ಕಾರಣವಿಲ್ಲ. ತಂದೆಯವರ ವೈದ್ಯರು ಪಂಚಾಂಗ ತರಲು ಹೇಳಿ, ಆ ವರ್ಷದ ಏಕಾದಶಿಗಳಿಗೆ ಮಾತ್ರೆಯ ಪ್ರಮಾಣವನ್ನು ಬೇರೆಯೇ ಬರೆದುಕೊಟ್ಟರು.

ಈಗ ಏಕಾದಶಿಯಂದು ತಂದೆಯವರು ದೇವರಿಗೆ ಅರ್ಪಿಸಿದ ಹಾಲನ್ನೂ ಎರಡು ಬಾಳೆಹಣ್ಣನ್ನೂ ಸ್ವೀಕರಿಸುತ್ತಾರೆ. ಮೊದಲ ಎರಡು ಏಕಾದಶಿಗಳಂದು ನಮ್ಮೊಡನೆ ಮಾತನಾಡಲಿಲ್ಲ. ಮೂರನೆಯದರಂದು ಲೋಟ ಕೆಳಗಿಟ್ಟು, "ಸಕ್ಕರೆ ನೋಡುವ ಆ ಯಂತ್ರ ಎಲ್ಲಿದೆ?" ಎಂದು ತಾವಾಗಿಯೇ ಕೇಳಿದರು.