ಕಡತದೊಳಗಿನ ಮೌನ ಕೇಡು ಮತ್ತು ಅದನ್ನು ಹಿಡಿಯುವ ಲೆಕ್ಕ

೨೦೦೩ನೆಯ ಇಸವಿ ಮೇ ೧೮ರಂದು ಬೆಲ್ಜಿಯಂ ದೇಶದಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. ಬ್ರಸೆಲ್ಸ್ ನಗರಕ್ಕೆ ಸೇರಿದ ಸ್ಕಾರ್ಬೇಕ್ ಎಂಬ ಕಡೆ ಮತಗಳನ್ನು ಗಣಕಯಂತ್ರಗಳಿಂದ ಎಣಿಸಲಾಗಿತ್ತು. ಅಲ್ಲಿ ಒಬ್ಬ ಅಭ್ಯರ್ಥಿಗೆ ಬಂದ ಮತಗಳು ಆ ಚುನಾವಣೆಯ ನಿಯಮದಂತೆ ಬರಬಹುದಾದುದಕ್ಕಿಂತ ಹೆಚ್ಚಾಗಿದ್ದುವು. ಅಧಿಕಾರಿಗಳು ಮತ್ತೆ ಎಣಿಸಿ ನೋಡಿದರು. ಹೆಚ್ಚಿಗೆ ಬಂದಿದ್ದ ಮತಗಳು ಸರಿಯಾಗಿ ೪೦೯೬. ಹನ್ನೆರಡು ಎರಡುಗಳನ್ನು ಒಂದರೊಡನೊಂದು ಗುಣಿಸಿದರೆ ಬರುವ ಸಂಖ್ಯೆಯೇ ೪೦೯೬ ಎಂಬುದನ್ನು ವಾಚಕರು ಗಮನಿಸಬೇಕು. ಯಂತ್ರದ ಸ್ಮೃತಿಯಲ್ಲಿ ಒಂದೇ ಒಂದು ಸೊನ್ನೆಯು ತಾನಾಗಿ ಒಂದಾಗಿ ಮಾರ್ಪಟ್ಟಿರಬೇಕೆಂದು ತಜ್ಞರು ಊಹಿಸಿದರು. ಅದು ಕೆಳಗಿನಿಂದ ಹದಿಮೂರನೆಯ ಸ್ಥಾನದ ಸೊನ್ನೆ.

ಈ ಪ್ರಸಂಗದಲ್ಲಿ ಯಂತ್ರವು ಕೆಟ್ಟು ನಿಲ್ಲಲಿಲ್ಲ, ಎಚ್ಚರಿಕೆಯನ್ನೂ ಕೊಡಲಿಲ್ಲ. ತಾಳೆ ನೋಡಲು ಇನ್ನೊಂದು ಸಂಖ್ಯೆ ಇದ್ದುದರಿಂದ ಮಾತ್ರ ತಪ್ಪು ಹೊರಬಿದ್ದಿತು. ಇಂಥ ಇನ್ನೊಂದು ಸಂಖ್ಯೆಯನ್ನು ನಮ್ಮ ಕಡತಗಳಿಗೂ ನಾವೇ ಸಿದ್ಧಪಡಿಸಿಕೊಳ್ಳುವುದು ಹೇಗೆಂಬುದೇ ಈ ಲೇಖನದ ವಿಷಯ.

ಒಂದು ಬಿಟ್ಟಿನ ಬೆಲೆ

ಗಣಕಯಂತ್ರವು ಬರೆಹವನ್ನಾಗಲಿ ಚಿತ್ರವನ್ನಾಗಲಿ ಸೊನ್ನೆ ಮತ್ತು ಒಂದುಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. ಇವುಗಳಲ್ಲಿ ಒಂದೊಂದಕ್ಕೂ ಬಿಟ್ ಎಂದು ಹೆಸರು. ಎಂಟು ಬಿಟ್‌ಗಳು ಕೂಡಿದರೆ ಒಂದು ಬೈಟ್. ಇಂದು ರೂಢಿಯಲ್ಲಿರುವ ಯುನಿಕೋಡ್ ಪದ್ಧತಿಯ ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್‌ಗಳು ಬೇಕು. ಕನ್ನಡದ ಅಂಕಿ ‘೧’ರ ಮೂರನೆಯ ಬೈಟ್ ೧೦೧೦೦೧೧೧ ಎಂದಿದ್ದರೆ, ‘೯’ರದು ೧೦೧೦೧೧೧೧ ಎಂದಿರುತ್ತದೆ. ಮೊದಲ ಎರಡು ಬೈಟ್‌ಗಳು ಎರಡಕ್ಕೂ ಒಂದೇ. ಆದುದರಿಂದ ನಡುವಿನ ಒಂದು ಸೊನ್ನೆ ಒಂದಾದರೆ ಸಾಕು, ನೂರು ರೂಪಾಯಿಯ ಸಾಲಪತ್ರ ಒಂಬೈನೂರು ರೂಪಾಯಿಯದಾಗುತ್ತದೆ! ‘ಕ’ ಮತ್ತು ‘ಗ’ಗಳ ನಡುವೆಯೂ ಒಂದೇ ಬಿಟ್ಟಿನ ಅಂತರ, ಕುರಿಯು ಗುರಿಯಾಗಲು ತಡವಿಲ್ಲ. ‘ಗುರಿ’ಯೂ ಅರ್ಥವುಳ್ಳ ಪದವೇ ಆದುದರಿಂದ ಓದುವವನಿಗೆ ಸಂಶಯ ಬರಲಾರದು. ಕಡತದ ಹೆಸರು, ಗಾತ್ರ, ಅದನ್ನು ಕೊನೆಯಲ್ಲಿ ತಿದ್ದಿದ ದಿನಾಂಕ, ಇವು ಯಾವುವೂ ಬದಲಾಗುವುದಿಲ್ಲ. ಇದನ್ನೇ ಮೌನ ಕೇಡು ಎನ್ನುವುದು.

ಕೇಡಿನ ಮೂಲಗಳು

ಬಿಟ್‌ಗಳು ತಾವಾಗಿ ಏಕೆ ಬದಲಾಗಬೇಕು? ಕಾರಣಗಳು ಅನೇಕ. ೧೯೭೦ರ ದಶಕದ ಕೊನೆಯಲ್ಲಿ ಇಂಟೆಲ್ ಸಂಸ್ಥೆಯ ವಿಜ್ಞಾನಿಗಳು ಸ್ಮೃತಿಬಿಲ್ಲೆಗಳ ಹೊದಿಕೆಯಲ್ಲಿದ್ದ ವಿಕಿರಣಶೀಲ ಪದಾರ್ಥದ ಅತ್ಯಲ್ಪ ಅಂಶದಿಂದ ಹೊರಟ ಆಲ್ಫಾ ಕಣಗಳು ಬಿಟ್‌ಗಳನ್ನು ಮಗುಚಬಲ್ಲುವೆಂದು ತೋರಿಸಿದರು. ಆಕಾಶದಿಂದ ಬರುವ ವಿಶ್ವಕಿರಣಗಳಿಗೂ ಈ ಶಕ್ತಿ ಉಂಟು. ಹಾರ್ಡ್ ಡಿಸ್ಕಿನ ಕಾಂತಲೇಪವು ಕಾಲಕ್ರಮದಲ್ಲಿ ದುರ್ಬಲವಾಗಬಹುದು; ಸಡಿಲವಾದ ತಂತಿಯಲ್ಲಿ ಸಂಕೇತ ಕಲುಷಿತವಾಗಬಹುದು; ಡಿಸ್ಕನ್ನು ಆಳುವ ಕ್ರಮವಿಧಿಯ ದೋಷದಿಂದ ಒಂದೆಡೆ ಬರೆಯಬೇಕಾದುದು ಇನ್ನೊಂದೆಡೆ ಬೀಳಬಹುದು.

ಇವುಗಳಿಗೆ ರಕ್ಷಣೆಯೇ ಇಲ್ಲವೆಂದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ೧೯೫೦ರಲ್ಲಿ ದೋಷಗಳನ್ನು ಕಂಡುಹಿಡಿದು ತಾನೇ ತಿದ್ದಿಕೊಳ್ಳುವ ಸಂಕೇತಕ್ರಮವನ್ನು ಪ್ರಕಟಿಸಿದನು. ಅದರ ಪೀಳಿಗೆಗೆ ಸೇರಿದ ಕ್ರಮಗಳು ಇಂದಿನ ಡಿಸ್ಕುಗಳಲ್ಲಿ ಹಗಲಿರುಳೂ ದುಡಿಯುತ್ತಿವೆ. ಆದರೆ ಡಿಸ್ಕನ್ನು ತಲುಪುವ ಮೊದಲೇ ಕೆಟ್ಟುಹೋದ ದತ್ತವನ್ನು ಡಿಸ್ಕು ನಿಷ್ಠೆಯಿಂದ ಕೆಟ್ಟಂತೆಯೇ ಕಾಪಾಡುತ್ತದೆ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದವರು ೨೦೦೭ರಲ್ಲಿ ತಮ್ಮ ಸಾವಿರಾರು ಗಣಕಗಳನ್ನು ಪರೀಕ್ಷಿಸಿದಾಗ, ಯಾವ ಎಚ್ಚರಿಕೆಯೂ ಇಲ್ಲದೆ ಕೆಟ್ಟಿದ್ದ ದತ್ತಗಳು ಕಂಡುಬಂದುವು.

‘ನಮ್ಮಲ್ಲಿ ಬೇರೆ ಪ್ರತಿಗಳಿವೆ, ಭಯವೇಕೆ?’ ಎಂದು ಕೆಲವರು ಕೇಳಬಹುದು. ಮೂಲ ಕೆಟ್ಟಿರುವುದು ತಿಳಿಯದಿದ್ದರೆ, ಮುಂದಿನ ಸಲ ಪ್ರತಿ ಮಾಡುವಾಗ ಕೆಟ್ಟ ಕಡತವೇ ಒಳ್ಳೆಯದರ ಮೇಲೆ ಕುಳಿತುಕೊಳ್ಳಬಹುದು. ಹತ್ತು ವರ್ಷಗಳಲ್ಲಿ ನಾಲ್ಕು ಡಿಸ್ಕುಗಳನ್ನು ದಾಟಿ ಬಂದ ಮನೆಯ ಛಾಯಾಚಿತ್ರವೊಂದು ಅರ್ಧ ಬೂದುಬಣ್ಣವಾಗಿ ತೆರೆದುಕೊಂಡಾಗ, ಯಾವ ದಾಟಿನಲ್ಲಿ ಅದು ಕೆಟ್ಟಿತೆಂದು ಹೇಳುವವರು ಯಾರು?

ಮೊತ್ತದಿಂದ ಮುದ್ರೆಗೆ

ಅಂಗಡಿಯವನು ಲೆಕ್ಕದ ಪುಸ್ತಕದ ಪ್ರತಿ ಪುಟದ ಕೆಳಗೆ ಮೊತ್ತ ಹಾಕುತ್ತಾನೆ. ಮೇಲಿನ ಒಂದು ಅಂಕಿ ಬದಲಾದರೆ ಮೊತ್ತ ತಾಳೆಯಾಗುವುದಿಲ್ಲ. ಕಡತದ ಬೈಟ್‌ಗಳನ್ನೂ ಸಂಖ್ಯೆಗಳೆಂದು ಭಾವಿಸಿ ಹೀಗೆಯೇ ಕೂಡಿಡಬಹುದು. ಇದೇ ‘ಚೆಕ್‌ಸಮ್’, ಎಂದರೆ ತಾಳೆಮೊತ್ತ.

ಆದರೆ ಬರಿಯ ಕೂಡಿಕೆಗೆ ಒಂದು ಕೊರತೆಯುಂಟು. ೩, ೧, ೪ ಇವುಗಳ ಮೊತ್ತ ೮. ಮೊದಲೆರಡು ಸ್ಥಾನ ಬದಲಿಸಿ ೧, ೩, ೪ ಆದರೂ ಮೊತ್ತ ೮ ಆಗಿಯೇ ಉಳಿಯುತ್ತದೆ. ಇದಕ್ಕೆ ಪರಿಹಾರವೆಂದರೆ ಸ್ಥಾನಕ್ಕೆ ತಕ್ಕ ತೂಕ ಕೊಡುವುದು: ಮೊದಲನೆಯದನ್ನು ೧ರಿಂದ, ಎರಡನೆಯದನ್ನು ೨ರಿಂದ, ಮೂರನೆಯದನ್ನು ೩ರಿಂದ ಗುಣಿಸಿ ಕೂಡಿದರೆ ಮೊದಲ ಸಾಲಿಗೆ ೧೭, ಎರಡನೆಯದಕ್ಕೆ ೧೯ ಬರುತ್ತದೆ. ಪುಸ್ತಕಗಳ ಮೇಲೆ ಅಚ್ಚಾಗುವ ಐಎಸ್‌ಬಿಎನ್ ಸಂಖ್ಯೆಯ ಕೊನೆಯ ಅಂಕಿಯನ್ನು ಇಂಥ ತೂಕದ ಲೆಕ್ಕದಿಂದಲೇ ಪಡೆಯುತ್ತಾರೆ.

ಕೋಟ್ಯಂತರ ಬೈಟ್‌ಗಳ ಕಡತಕ್ಕೆ ಇನ್ನೂ ಬಲವಾದ ಲೆಕ್ಕ ಬೇಕು. ಇಂದು ಹೆಚ್ಚಾಗಿ ಬಳಸುವುದು ಶಾ-೨೫೬ ಎಂಬುದನ್ನು. ಇದು ಕಡತವನ್ನು ೫೧೨ ಬಿಟ್‌ಗಳ ತುಂಡುಗಳಾಗಿ ವಿಭಜಿಸಿ, ಒಂದೊಂದು ತುಂಡನ್ನೂ ೬೪ ಸುತ್ತು ಕಲಸಿ, ಒಂದರ ಫಲವನ್ನು ಮುಂದಿನದರೊಳಕ್ಕೆ ಬೆರೆಸುತ್ತ ಹೋಗುತ್ತದೆ. ಕಡತ ಒಂದು ಸಾಲಿನದಾಗಲಿ, ಮೂರು ಗಂಟೆಯ ಚಲನಚಿತ್ರವಾಗಲಿ, ಕೊನೆಗೆ ಉಳಿಯುವುದು ೨೫೬ ಬಿಟ್‌ಗಳು ಮಾತ್ರ. ಅವನ್ನು ಅಂಕಿಗಳನ್ನೂ ಇಂಗ್ಲಿಷಿನ ಎ ಯಿಂದ ಎಫ್‌ವರೆಗಿನ ಆರು ಅಕ್ಷರಗಳನ್ನೂ ಬಳಸಿ ೬೪ ಸ್ಥಾನಗಳಲ್ಲಿ ಬರೆಯುತ್ತಾರೆ. ಕಡತದಲ್ಲಿ ಒಂದು ಬಿಟ್ ಬದಲಾದರೆ ಈ ಮುದ್ರೆಯ ಬಿಟ್‌ಗಳಲ್ಲಿ ಸುಮಾರು ಅರ್ಧದಷ್ಟು ಬದಲಾಗುತ್ತವೆ. ಎರಡು ಬೇರೆ ಕಡತಗಳಿಗೆ ಒಂದೇ ಮುದ್ರೆ ಬರುವುದು ತರ್ಕಕ್ಕೆ ಅಸಾಧ್ಯವಲ್ಲ. ಆದರೆ ಇರಬಹುದಾದ ಮುದ್ರೆಗಳ ಸಂಖ್ಯೆಯನ್ನು ಬರೆಯಲು ೭೮ ಅಂಕಿಗಳು ಬೇಕು. ಆಕಸ್ಮಿಕವಾಗಿ ಹಾಗಾಗುವುದನ್ನು ವ್ಯವಹಾರದಲ್ಲಿ ಲೆಕ್ಕಿಸಬೇಕಾಗಿಲ್ಲ.

ಮಾಡುವ ಕ್ರಮ

ಲಿನಕ್ಸ್ ಗಣಕದಲ್ಲಿ ಟರ್ಮಿನಲ್ ಕಿಟಕಿಯನ್ನು ತೆರೆದು, ಚಿತ್ರಗಳಿರುವ ಕೋಶಕ್ಕೆ ಹೋಗಿ, ಕೆಳಗಿನ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೂ ಅಂಕಿಗಳಲ್ಲಿಯೂ ಬರೆಯಬೇಕು. ಮೊದಲನೆಯ ಪದದ ಅಕ್ಷರಗಳು ಅನುಕ್ರಮವಾಗಿ ಎಸ್, ಎಚ್, ಎ, ೨, ೫, ೬, ಎಸ್, ಯು, ಎಂ. ನಡುವೆ ತೆರಪು ಕೂಡದು.

ಶಾ೨೫೬ಸಮ್ *.ಜೆಪಿಜಿ > ಪಟ್ಟಿ

ನಕ್ಷತ್ರಚಿಹ್ನೆಯು ‘ಜೆಪಿಜಿ ಎಂದು ಕೊನೆಗೊಳ್ಳುವ ಎಲ್ಲ ಕಡತಗಳು’ ಎಂದು ಸೂಚಿಸುತ್ತದೆ. ಕೋನಚಿಹ್ನೆಯು ಫಲವನ್ನು ತೆರೆಯ ಮೇಲೆ ತೋರಿಸದೆ ‘ಪಟ್ಟಿ’ ಎಂಬ ಕಡತದಲ್ಲಿ ಬರೆಯಿಸುತ್ತದೆ. ಆ ಕಡತಕ್ಕೆ ನಿಮಗೆ ಬೇಕಾದ ಹೆಸರನ್ನಿಡಬಹುದು. ಆರು ತಿಂಗಳ ಮೇಲೆ ಪರೀಕ್ಷಿಸಬೇಕಾದಾಗ ಹೀಗೆ ಬರೆಯಬೇಕು:

ಶಾ೨೫೬ಸಮ್ -ಸಿ ಪಟ್ಟಿ

ಯಂತ್ರವು ಪ್ರತಿ ಕಡತವನ್ನೂ ಮತ್ತೆ ಓದಿ, ಹಳೆಯ ಮುದ್ರೆಯೊಡನೆ ತಾಳೆ ನೋಡುತ್ತದೆ. ಸರಿಯಿದ್ದರೆ ಹೆಸರಿನ ಮುಂದೆ ‘ಓಕೆ’ ಎಂದೂ, ವ್ಯತ್ಯಾಸವಿದ್ದರೆ ‘ಫೇಲ್ಡ್’ ಎಂದೂ ಇಂಗ್ಲಿಷಿನಲ್ಲಿ ತೋರಿಸುತ್ತದೆ. ಮ್ಯಾಕ್ ಗಣಕದಲ್ಲಿ ‘ಶಾಸಮ್ -ಎ ೨೫೬’ ಎಂಬ ಆಜ್ಞೆ ಇದೇ ಕೆಲಸಕ್ಕಿದೆ. ವಿಂಡೋಸಿನಲ್ಲಿ ‘ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್’ ಎಂದು ಬರೆದು, ಕಡತದ ಹೆಸರನ್ನೂ ‘ಶಾ೨೫೬’ ಎಂಬುದನ್ನೂ ಸೇರಿಸಿದರೆ ಒಂದು ಕಡತದ ಮುದ್ರೆ ದೊರೆಯುತ್ತದೆ.

ಮುದ್ರೆಯ ಮಿತಿಗಳು

ಮುದ್ರೆಯು ಬದಲಾವಣೆಯನ್ನು ಹೇಳುತ್ತದೆಯೇ ಹೊರತು ಅದರ ಕಾರಣವನ್ನು ಹೇಳುವುದಿಲ್ಲ. ನಾವೇ ಬೇಕೆಂದು ತಿದ್ದಿದ ಕಡತವೂ ‘ಫೇಲ್ಡ್’ ಆಗುತ್ತದೆ. ಆಗ ಕಡತದ ದಿನಾಂಕವನ್ನು ನೋಡಬೇಕು. ದಿನಾಂಕ ಹಳೆಯದೇ ಆಗಿದ್ದು ಮುದ್ರೆ ಮಾತ್ರ ಬೇರೆಯಾಗಿದ್ದರೆ ಕೇಡಿನ ಸಂಶಯ ಬಲವಾಗುತ್ತದೆ. ಎರಡನೆಯದಾಗಿ, ಮುದ್ರೆಯಿಂದ ಕಡತವನ್ನು ಮರಳಿ ಕಟ್ಟಲಾಗದು. ಆದುದರಿಂದ ಬೇರೆ ಡಿಸ್ಕಿನಲ್ಲಿ ಪ್ರತಿಯೊಂದಿರಲೇಬೇಕು. ಎರಡು ಪ್ರತಿಗಳಲ್ಲಿ ಯಾವುದು ಒಳ್ಳೆಯದೆಂದು ತೀರ್ಮಾನಿಸುವುದು ಮುದ್ರೆಯ ಕೆಲಸ. ಪಟ್ಟಿಯನ್ನೂ ಎರಡು ಕಡೆ ಇಡುವುದು ಒಳ್ಳೆಯದು. ಮೂರನೆಯದಾಗಿ, ಎಂಡಿ೫ ಎಂಬ ಹಳೆಯ ಲೆಕ್ಕವು ಆಕಸ್ಮಿಕ ಕೇಡನ್ನು ಈಗಲೂ ಹಿಡಿಯುತ್ತದಾದರೂ, ಬೇಕೆಂದೇ ಒಂದೇ ಮುದ್ರೆಯ ಎರಡು ಕಡತಗಳನ್ನು ರಚಿಸಬಹುದೆಂದು ೨೦೦೪ರಲ್ಲಿ ಚೀನಾದ ಸಂಶೋಧಕರು ತೋರಿಸಿಕೊಟ್ಟರು. ವಂಚನೆಯ ಭಯವಿರುವಲ್ಲಿ ಅದನ್ನು ನಂಬಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಕಾಲ. ಕಡತವು ಚೆನ್ನಾಗಿರುವಾಗಲೇ ಮುದ್ರೆಯನ್ನು ತೆಗೆದಿಡಬೇಕು. ಕೆಟ್ಟ ಮೇಲೆ ತೆಗೆದ ಮುದ್ರೆಯು ಕೆಟ್ಟುದನ್ನೇ ಸರಿಯೆಂದು ಸಾರುತ್ತದೆ.

ವಿದ್ಯಾರ್ಥಿಗಳು ಒಂದು ಚಿಕ್ಕ ಪ್ರಯೋಗವನ್ನು ಮಾಡಿ ನೋಡಬಹುದು. ‘ಸಾಲ ೧೦೦ ರೂಪಾಯಿ’ ಎಂದು ಒಂದು ಕಡತದಲ್ಲಿ ಬರೆದು ಅದರ ಮುದ್ರೆಯನ್ನು ಗುರುತುಹಾಕಿಕೊಳ್ಳಿರಿ. ಕಡತದ ಹೆಸರನ್ನು ಮಾತ್ರ ಬದಲಿಸಿ ನೋಡಿರಿ. ಮುದ್ರೆ ಹಾಗೆಯೇ ಇರುತ್ತದೆ. ಅನಂತರ ‘೧’ನ್ನು ‘೯’ ಮಾಡಿರಿ. ಒಂದೇ ಬಿಟ್ ಬದಲಾಗಿದ್ದರೂ ಅರವತ್ತನಾಲ್ಕು ಸ್ಥಾನಗಳ ಸಾಲು ಗುರುತು ಸಿಗದಂತಾಗುತ್ತದೆ. ‘೯’ನ್ನು ಮತ್ತೆ ‘೧’ ಮಾಡಿದರೆ ಮೊದಲಿನ ಮುದ್ರೆಯೇ ಅಕ್ಷರ ತಪ್ಪದೆ ಹಿಂದಿರುಗುತ್ತದೆ. ಇಷ್ಟನ್ನು ಕಣ್ಣಾರೆ ಕಂಡ ಬಳಿಕ, ನಿಮ್ಮ ಮನೆಯ ಚಿತ್ರಗಳ ಕೋಶಕ್ಕೂ ಅದೇ ದಿನ ಒಂದು ಪಟ್ಟಿಯನ್ನು ಮಾಡಿಡಿರಿ.