ಬೆಳ್ವೊಲದಲ್ಲಿ ಒಂದು ಇರುಳು, ಒಂದು ಹಗಲು

ಧಾರವಾಡ ಜಿಲ್ಲೆಯ ಹಳ್ಳಿಗಾಡನ್ನು ನೋಡಬೇಕೆಂದು ಹೊರಡುವವರಲ್ಲಿ ಬಹುಮಂದಿ ಹುಬ್ಬಳ್ಳಿಯ ವಸತಿಗೃಹವೊಂದರಲ್ಲಿ ಇಳಿದು, ಮುಂಜಾನೆ ಬಾಡಿಗೆಯ ಕಾರು ಹಿಡಿದು, ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿಗಳನ್ನು ಒಂದೇ ಹಗಲಿನಲ್ಲಿ ಸುತ್ತಿ, ದಾರಿಯಲ್ಲಿ ಸಿಕ್ಕಿದ್ದನ್ನು ತಿಂದು, ಕತ್ತಲಾಗುವುದರೊಳಗೆ ಮರಳುತ್ತಾರೆ. ಇದರಿಂದ ಊರುಗಳ ಹೆಸರು ಪರಿಚಯವಾಗುವುದೇ ಹೊರತು ಊರುಗಳ ಪರಿಚಯವಾಗದು. ಒಂದು ಊರಿನಲ್ಲಿ ಮಲಗಿ ಏಳದೆ, ಅಲ್ಲಿಯ ಒಲೆಯ ಮುಂದೆ ಎರಡು ಹೊತ್ತು ಉಣ್ಣದೆ, ಆ ಊರನ್ನು ಕಂಡೆನೆಂದು ಹೇಳಲಾಗದೆಂಬುದು ನನ್ನ ದೃಢವಾದ ನಂಬಿಕೆ.

ಈ ಮಾತನ್ನು ವಿಧಿಯಾಗಿಯೇ ಪಾಲಿಸಿಕೊಂಡು ಬಂದವರು ಜಪಾನೀಯರು. ರ್‍ಯೋಕಾನ್ ಎಂಬ ಅವರ ಸಾಂಪ್ರದಾಯಿಕ ವಸತಿಗೃಹಗಳ ಪರಂಪರೆ ಅತಿ ಪುರಾತನವಾದುದು. ಯಮನಾಶಿ ಪ್ರಾಂತದ ಬಿಸಿನೀರಿನ ಬುಗ್ಗೆಗಳ ಬಳಿಯ ಕೇಯುನ್‌ಕಾನ್ ಕ್ರಿ.ಶ. 705ರಲ್ಲಿ ಸ್ಥಾಪಿತವಾದುದೆಂದು ಪ್ರಸಿದ್ಧಿಯುಂಟು. ಅಂತಹ ಮನೆಗೆ ಅತಿಥಿಯು ಸಂಜೆಗೆ ಮುನ್ನವೇ ಬಂದು, ಪಾದರಕ್ಷೆಗಳನ್ನು ಬಾಗಿಲಲ್ಲೇ ಬಿಟ್ಟು, ಸ್ನಾನ ಮಾಡಿ, ಚಾಪೆ ಹಾಸಿದ ಕೋಣೆಯಲ್ಲಿ ಕುಳಿತು, ಆ ನೆಲ ಆ ಋತುವಿನಲ್ಲಿ ಕೊಟ್ಟ ಪದಾರ್ಥಗಳಿಂದಲೇ ಸಿದ್ಧವಾದ ಊಟವನ್ನು ಉಂಡು ಮಲಗಿ, ಮರುಬೆಳಗಿನ ಆಹಾರವನ್ನೂ ಅಲ್ಲಿಯೇ ಮುಗಿಸಿ ಹೊರಡುತ್ತಾನೆ; ಒಂದು ರಾತ್ರಿ, ಎರಡು ಊಟ ಎಂಬುದೇ ಅಲ್ಲಿ ದರದ ಲೆಕ್ಕ. ಬೆಳ್ವೊಲವೆಂಬ ನಮ್ಮ ಈ ಸೀಮೆಯಲ್ಲಿ ಅಂತಹ ವ್ಯವಸ್ಥಿತ ಗೃಹಗಳಿಲ್ಲದಿದ್ದರೂ ಅದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ, ಎಂದರೆ ನೆಲಕ್ಕೆ ಹಾಸುವ ಜಮಖಾನೆ, ಹಂಡೆಯ ಬಿಸಿನೀರು, ಬಿಸಿರೊಟ್ಟಿ ಮತ್ತು ಉಣಿಸುವ ಮನಸ್ಸು, ಯಥೇಚ್ಛವಾಗಿ ಉಂಟು. ಇವನ್ನು ಜೋಡಿಸಿಕೊಳ್ಳುವ ಕ್ರಮವನ್ನು ಕೆಳಗೆ ವಿವರಿಸಿದ್ದೇನೆ.

ಮೊದಲು ನಿಶ್ಚಯಿಸಬೇಕಾದುದು ಋತು. ಮಳೆಗಾಲದಲ್ಲಿ ಇಲ್ಲಿಯ ಎರೆಮಣ್ಣು ಕಾಲನ್ನೂ ಚಕ್ರವನ್ನೂ ಸಮನಾಗಿ ಹಿಡಿದು ನಿಲ್ಲಿಸುತ್ತದೆ. ಬೆಣ್ಣೆಹಳ್ಳ ಉಕ್ಕಿದಾಗಲಂತೂ ದಾರಿಗಳೇ ಕಡಿದುಹೋಗುವುದುಂಟು. ಚೈತ್ರ ವೈಶಾಖಗಳ ಬಿಸಿಲು ನೆರಳಿಲ್ಲದ ಬಯಲಿನಲ್ಲಿ ದುಸ್ಸಹವಾದುದು. ಆದುದರಿಂದ ಕಾರ್ತಿಕದಿಂದ ಮಾಘದವರೆಗಿನ ಕಾಲವೇ ಪ್ರಶಸ್ತ. ಅದರಲ್ಲಿಯೂ ಹಿಂಗಾರಿ ಜೋಳ ಹಾಲುತುಂಬಿ ನಿಂತು, ಕಡಲೆ ಕಾಯಿಗಟ್ಟಿ, ಕುಸುಬೆ ಹೂವಾಡುವ ಪುಷ್ಯಮಾಸದಲ್ಲಿ ಬಂದವನಿಗೆ ಸೀತನಿಯ ಭಾಗ್ಯವೂ ಒದಗುವುದು. ಎಳೆಯ ಜೋಳದ ತೆನೆಗಳನ್ನು ಹೊಲದ ಬದುವಿನಲ್ಲೇ ಕೆಂಡದ ಮೇಲೆ ಸುಟ್ಟು, ಅಂಗೈಯಲ್ಲಿ ತಿಕ್ಕಿ ಹೊಟ್ಟು ತೂರಿ, ಬಿಸಿ ಆರುವ ಮುನ್ನ ಶೇಂಗಾ ಚಟ್ನಿಯೊಡನೆಯೋ ಬೆಲ್ಲದೊಡನೆಯೋ ಮೆಲ್ಲುವ ಈ ತಿನಿಸು ಯಾವ ಉಪಾಹಾರ ಮಂದಿರದಲ್ಲಿಯೂ ದೊರೆಯತಕ್ಕದ್ದಲ್ಲ. ಹೊಲದ ಒಡೆಯನ ಆಮಂತ್ರಣವಿದ್ದರೆ ಮಾತ್ರ ದೊರೆಯುವುದು.

ಎರಡನೆಯದು ವಸತಿ. ಅಣ್ಣಿಗೇರಿಯಲ್ಲಿಯೋ ನವಲಗುಂದದಲ್ಲಿಯೋ ಬಂಧುಮಿತ್ರರ ಮನೆಯಿದ್ದರೆ ಅದಕ್ಕಿಂತ ಉತ್ತಮವಾದುದಿಲ್ಲ. ಇಲ್ಲವಾದರೆ ಮುಂಚಿತವಾಗಿ ಲೋಕೋಪಯೋಗಿ ಇಲಾಖೆಯ ಅನುಮತಿ ಪಡೆದು ಪ್ರವಾಸಿ ಮಂದಿರದಲ್ಲಿಯೋ, ಮಠವೊಂದರ ಹಿರಿಯರನ್ನು ವಿನಯದಿಂದ ಕೇಳಿಕೊಂಡು ಅಲ್ಲಿಯ ವಸತಿಯಲ್ಲಿಯೋ ತಂಗಬಹುದು. ಹೀಗೆ ಬೇರೆಡೆ ಮಲಗುವುದಾದರೂ ಊಟವನ್ನು ಮನೆಯೊಂದರಲ್ಲಿ ಅಥವಾ ಮನೆಯ ಹೆಣ್ಣುಮಕ್ಕಳೇ ನಡೆಸುವ ಖಾನಾವಳಿಯಲ್ಲಿ ಗೊತ್ತುಮಾಡಿಕೊಳ್ಳತಕ್ಕದ್ದು. ಹಿಂದಿನ ದಿನವೇ ಮೂರು ಸಂಗತಿಗಳನ್ನು ತಿಳಿಸಿರಿ: ಎಷ್ಟು ಮಂದಿ, ಎಷ್ಟು ಹೊತ್ತಿಗೆ, ಖಾರ ಎಷ್ಟು ಸಹಿಸಬಲ್ಲಿರಿ. ಮೂರನೆಯದನ್ನು ಸಂಕೋಚದಿಂದ ಮುಚ್ಚಿಡಬಾರದು. ಹಣದ ಮಾತನ್ನು ಖಾನಾವಳಿಯಲ್ಲಿ ಮೊದಲೇ ಆಡಿಬಿಡಿರಿ. ಮನೆಯಲ್ಲಿ ಆಡಲೇ ಬೇಡಿರಿ, ಹಣ್ಣುಹಂಪಲವನ್ನೋ ಮಕ್ಕಳಿಗೆ ಧಾರವಾಡ ಪೇಢೆಯನ್ನೋ ಒಯ್ಯಿರಿ.

ಮೂರನೆಯದು ಪ್ರಯಾಣ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲುಮಾರ್ಗದಲ್ಲಿ, ಹುಬ್ಬಳ್ಳಿಗೆ ಸುಮಾರು 35 ಕಿಲೋಮೀಟರು ದೂರದಲ್ಲಿ ಅಣ್ಣಿಗೇರಿಯಿದೆ, ಬಸ್ಸುಗಳಂತೂ ಧಾರಾಳ. ಇಳಿಹೊತ್ತಿನೊಳಗೆ ಊರು ಸೇರುವಂತೆ ಹೊರಡಿರಿ. ಮುಟ್ಟಿದೊಡನೆಯೇ ಗುಡಿಗೆ ಧಾವಿಸಬೇಡಿರಿ. ಕೈಕಾಲು ತೊಳೆದು, ಕಟ್ಟೆಯ ಮೇಲೆ ಕುಳಿತು, ಹೊಲದಿಂದ ಮರಳುವ ಚಕ್ಕಡಿಗಳನ್ನೂ ಟ್ರ್ಯಾಕ್ಟರುಗಳನ್ನೂ ನೋಡುತ್ತ ಮನೆಯವರೊಡನೆ ಮಾತಾಡಿರಿ. ಮರುದಿನ ನಿಮಗೆ ದಾರಿ ತೋರಿಸುವವರು ಬಹುಶಃ ಆ ಕಟ್ಟೆಯ ಮೇಲೆಯೇ ಸಿಕ್ಕುವರು.

ರಾತ್ರಿಯ ಊಟವನ್ನು ಕುರಿತು ತುಸು ವಿಸ್ತಾರವಾಗಿಯೇ ಹೇಳಬೇಕು. ಸಾಧ್ಯವಾದರೆ ಅಪ್ಪಣೆ ಕೇಳಿ ಅಡಿಗೆಮನೆಯ ಬಾಗಿಲಲ್ಲಿ ಕುಳಿತು ರೊಟ್ಟಿ ಬಡಿಯುವುದನ್ನು ನೋಡಿರಿ. ಜೋಳದ ಹಿಟ್ಟಿಗೆ ಗೋದಿಯ ಹಿಟ್ಟಿನ ಜಿಗುಟಿಲ್ಲ. ಆದುದರಿಂದಲೇ ಅದನ್ನು ಕುದಿನೀರಿನಲ್ಲಿ ಕಲಸಿ, ಚೆನ್ನಾಗಿ ನಾದಿ, ಅಂಗೈಯಿಂದ ಬಡಿದು ತಿರುಗಿಸುತ್ತ ಅಗಲಗೊಳಿಸಿ, ಹಂಚಿನ ಮೇಲೆ ಹಾಕಿದ ಬಳಿಕ ಒದ್ದೆ ಬಟ್ಟೆಯಿಂದ ನೀರು ಸವರಿ, ಕೊನೆಗೆ ಕೆಂಡಕ್ಕೆ ಒಡ್ಡಿದಾಗ ಅದು ಉಬ್ಬಿ ಎರಡು ಪದರಾಗುವುದು. ತಟ್ಟೆಯಲ್ಲಿ ಬಿಸಿರೊಟ್ಟಿ, ಎಣ್ಣೆಗಾಯಿ ಬದನೆ, ಮಡಕಿಕಾಳಿನ ಪಲ್ಯ ಅಥವಾ ಝುಣಕ, ಪುಂಡಿಪಲ್ಯ, ಗುರೆಳ್ಳು ಅಗಸಿಗಳ ಚಟ್ನಿಪುಡಿ, ಕೆಂಪು ಮೆಣಸಿನಕಾಯಿಯ ರಂಜಕ, ಗಟ್ಟಿ ಮೊಸರು ಇಷ್ಟು ಬರುವುವು. ಬದಿಯಲ್ಲಿ ಹಸಿಯ ಮೆಂತ್ಯೆ, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ. ಚಟ್ನಿಪುಡಿಯನ್ನು ಮೊಸರಿನಲ್ಲಾಗಲಿ ಕುಸುಬೆಯೆಣ್ಣೆಯಲ್ಲಾಗಲಿ ಕಲಸಿ ತಿನ್ನುವುದು ಪದ್ಧತಿ. ಖಾರಕ್ಕೆ ಅಂಜುವವನು ಮೊಸರನ್ನೇ ಆಶ್ರಯಿಸಲಿ. ರೊಟ್ಟಿಯ ಬಳಿಕ ಸ್ವಲ್ಪ ಅನ್ನಸಾರು, ಮಜ್ಜಿಗೆ. ಆತುರಗಾರನು ಮೊದಲ ರೊಟ್ಟಿಗೇ ಪಲ್ಯವನ್ನೆಲ್ಲ ಮುಗಿಸುತ್ತಾನೆ. ತಾಳ್ಮೆಯುಳ್ಳವನು ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ರುಚಿನೋಡುತ್ತಾನೆ. ಬಡಿಸುವಾಕೆ ‘ಇನ್ನೊಂದರ್ಧ ರೊಟ್ಟಿ’ ಎಂದಾಗ ಆ ಅರ್ಧಕ್ಕೆ ಹೊಟ್ಟೆಯಲ್ಲಿ ಸ್ಥಳವಿರುವಂತೆ ನೋಡಿಕೊಂಡಿರಬೇಕು.

ಮರುದಿನ ಸೂರ್ಯೋದಯದ ಹೊತ್ತಿಗೆ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯಕ್ಕೆ ಹೋಗಿರಿ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬಳಪದ ಕಲ್ಲಿನಿಂದ ನಿರ್ಮಿತವಾದ ಈ ಗುಡಿಯ ಮಂಟಪವನ್ನು 76 ಕಂಬಗಳು ಹೊತ್ತಿವೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದುವಾಗಿದ್ದು ಸೂಕ್ಷ್ಮವಾದ ಕೆತ್ತನೆಗೂ ಕಡೆತಕ್ಕೂ ಒಗ್ಗುವುದರಿಂದ, ಮರಳುಗಲ್ಲಿನಲ್ಲಿ ಕೆಲಸಮಾಡಿದ ಬಾದಾಮಿಯ ಶಿಲ್ಪಿಗಳಿಗೆ ಎಟುಕದ ನಯವು ಇಲ್ಲಿಯವರಿಗೆ ಸಾಧ್ಯವಾಯಿತು. ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಹೊರಗೋಡೆಯ ಕೆತ್ತನೆಗಳ ಆಳವು ಕಣ್ಣಿಗೆ ಕಾಣುವುದು. ನಡುಹಗಲಿನಲ್ಲಿ ಬಂದವನಿಗೆ ಅವೆಲ್ಲ ಮಟ್ಟಸವಾಗಿ ತೋರುವುವು. ಮೊದಲು ಹೊರಗೆ ಒಂದು ಪ್ರದಕ್ಷಿಣೆ, ತರುವಾಯ ಒಳಗೆ. ಒಳಗೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ಕುಳಿತಿರಿ.

ಅಣ್ಣಿಗೇರಿಯು ಬೆಳ್ವೊಲ ಮುನ್ನೂರು ಎಂಬ ಹಳೆಯ ನಾಡಿನ ರಾಜಧಾನಿಯಾಗಿದ್ದ ಊರು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಈ ಊರಿನ ಜೋಯಿಸ ಸಿಂಘನ ವಂಶದವಳೆಂಬುದನ್ನು ಕವಿಯ ತಮ್ಮ ಜಿನವಲ್ಲಭನು ಈಗಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಬರೆಯಿಸಿದ ಶಾಸನವು ಸಾರುತ್ತದೆ. ಕನ್ನಡ ಬಲ್ಲವನು ಈ ಊರಿನ ಪಾರ್ಶ್ವನಾಥ ಬಸದಿಯನ್ನೂ ಕಂಡು, ಅನಂತರವೇ ಮನೆಗೆ ಮರಳಿ ಅವಲಕ್ಕಿ ಸುಸಲಗಳ ಉಪಾಹಾರಕ್ಕೆ ಕೂಡುವುದು ಯುಕ್ತ.

ಹತ್ತು ಗಂಟೆಯ ಸುಮಾರಿಗೆ ನವಲಗುಂದಕ್ಕೆ ಹೊರಡಿರಿ. ಅಲ್ಲಿ ಮುಖ್ಯವಾಗಿ ನೋಡಬೇಕಾದುದು ಜಮಖಾನೆ. ನಿಲುವು ಮಗ್ಗದ ಮುಂದೆ ಕುಳಿತ ಹೆಣ್ಣುಮಕ್ಕಳು ಬಣ್ಣದ ಹತ್ತಿಯ ನೂಲನ್ನು ಬೆರಳಿನಿಂದಲೇ ತೂರಿಸಿ, ಪಂಜವೆಂಬ ಹಣಿಗೆಯಿಂದ ಬಡಿದು ಬಿಗಿಗೊಳಿಸುತ್ತ, ನವಿಲನ್ನೂ ಪಗಡೆಯ ಹಾಸನ್ನೂ ಜ್ಯಾಮಿತಿಯ ರೇಖೆಗಳಲ್ಲಿ ಮೂಡಿಸುವರು. ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದ್ದರೂ ಈ ಕೆಲಸ ಬಲ್ಲ ಕೈಗಳು ಈಗ ಕೆಲವೇ ಉಳಿದಿವೆಯೆಂಬುದು ವ್ಯಥೆಯ ಸಂಗತಿ. ಕೊಳ್ಳುವ ಮುನ್ನ ಹಾಸನ್ನು ತಿರುವಿ ನೋಡಿರಿ: ಎರಡು ಮುಖಗಳೂ ಒಂದೇ ತೆರನಾಗಿರಬೇಕು, ಅಂಚು ನೇರವಾಗಿರಬೇಕು. ನೇಯುವವರ ದಿನಗಳನ್ನು ಲೆಕ್ಕಹಾಕಿ ನೋಡಿದವನು ಬೆಲೆಗಾಗಿ ಚೌಕಾಸಿ ಮಾಡಲಾರನು. ಸಿದ್ಧ ಹಾಸು ಸಿಕ್ಕದಿದ್ದರೆ ಮುಂಗಡ ಕೊಟ್ಟು ಹೇಳಿ ನೇಯಿಸಿರಿ. ಬಳಿಕ ಅಜಾತ ನಾಗಲಿಂಗಸ್ವಾಮಿಗಳ ಮಠ, 1980ರ ಜುಲೈ 21ರ ರೈತ ಬಂಡಾಯದಲ್ಲಿ ಮಡಿದವರ ಸ್ಮಾರಕ. ಫಾಲ್ಗುಣದ ಹೋಳಿಯಲ್ಲಿ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತವರು ಕಿಕ್ಕಿರಿಯುವುದರಿಂದ ಆಗ ಬರುವವರು ವಸತಿಯನ್ನು ಬಹು ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು. ಮಧ್ಯಾಹ್ನದ ಊಟಕ್ಕೆ ಖಾನಾವಳಿ. ಹಬ್ಬದ ದಿನವಾಗಿದ್ದರೆ ಶೇಂಗಾ ಹೋಳಿಗೆಯನ್ನೋ ಗೋದಿ ಹುಗ್ಗಿಯನ್ನೋ ಕೇಳಿ ನೋಡಿರಿ. ಸಂಜೆ ಬಸ್‌ನಿಲ್ದಾಣದ ಬಳಿ ಗಿರಮಿಟ್ಟು, ಮಿರ್ಚಿ, ಚಹಾ.

ಇನ್ನೊಂದು ರಾತ್ರಿಯ ಅವಕಾಶವುಳ್ಳವರು ಹುಬ್ಬಳ್ಳಿಯ ದಾರಿಯಿಂದ ಕುಂದಗೋಳಕ್ಕೆ ಹೋಗಲಿ. ಸವಾಯಿ ಗಂಧರ್ವರೆಂದು ಲೋಕವಿಖ್ಯಾತರಾದ ಹಿಂದೂಸ್ತಾನಿ ಗಾಯಕ ರಾಮಚಂದ್ರ ಕುಂದಗೋಳಕರರ (1886–1952) ಊರದು; ಭೀಮಸೇನ ಜೋಶಿಯವರು ಗುರುಸೇವೆ ಮಾಡುತ್ತ ಸಾಧನೆಗೈದದ್ದೂ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹಿಡಿದು ಬಂದು ಪಾಠ ಹೇಳಿಸಿಕೊಂಡದ್ದೂ ಅಲ್ಲಿಯೇ. ಆ ರೈಲುಮಾರ್ಗ ಇಂದಿಗೂ ಉಂಟಾದುದರಿಂದ, ಕುಂದಗೋಳಕ್ಕೆ ರೈಲಿನಲ್ಲಿ ಹೋಗುವುದನ್ನೇ ನಾನು ಸೂಚಿಸುವೆನು. ಸಂಗೀತೋತ್ಸವ ನಡೆಯುವ ಅಲ್ಲಿಯ ನಾಡಿಗೇರ ವಾಡೆಯು ಜನ ವಾಸಿಸುವ ಮನೆ. ಅನುಮತಿಯಿಲ್ಲದೆ ಒಳಗೆ ಕಾಲಿಡಬಾರದು. ವರ್ಷಕ್ಕೊಮ್ಮೆ ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವವು ಆ ವಾಡೆಯಲ್ಲಿ ನಡೆಯುವಾಗ ಬಂದವರು ಇರುಳೆಲ್ಲ ಕೇಳುವ ಸಿದ್ಧತೆಯಿಂದ ಹೊದಿಕೆಯೊಂದನ್ನು ತಂದಿರಲಿ. ಚಾಲುಕ್ಯ ಶೈಲಿಯ ಶಂಭುಲಿಂಗ ದೇವಾಲಯವನ್ನು ಮುಂಜಾನೆಗೆ ಇಟ್ಟುಕೊಳ್ಳಿರಿ.

ಕಲಘಟಗಿಯ ದಿಕ್ಕು ಬೇರೆ, ನೆಲವೂ ಬೇರೆ. ಹುಬ್ಬಳ್ಳಿಯಿಂದ ಕಾರವಾರದ ರಸ್ತೆಯಲ್ಲಿ ಸಾಗಿದಂತೆ ಎರೆಯ ಬಯಲು ಮುಗಿದು ಭತ್ತದ ಗದ್ದೆಗಳೂ ಕಾಡಿನ ಅಂಚೂ ಕಾಣತೊಡಗುವುವು. ಅಲ್ಲಿ ನೋಡತಕ್ಕದ್ದು ಬಣ್ಣದ ತೊಟ್ಟಿಲು. ರಾಮಾಯಣ ಭಾಗವತಗಳ ಚಿತ್ರಗಳನ್ನು ಬರೆದು ಅರಗಿನ ಹೊಳಪು ಕೊಟ್ಟ ಈ ತೊಟ್ಟಿಲುಗಳು ತಲೆಮಾರಿನಿಂದ ತಲೆಮಾರಿಗೆ ಬಾಳುವುವು. ಮನೆಯಲ್ಲಿ ಕೂಸಿನ ನಿರೀಕ್ಷೆಯಿದ್ದರೆ ಹಲವು ತಿಂಗಳ ಮುಂಚೆಯೇ ಹೇಳಿ ಮಾಡಿಸಿರಿ, ಒಯ್ಯುವ ವಾಹನದ ಏರ್ಪಾಟನ್ನೂ ಆಗಲೇ ಮಾಡಿಕೊಳ್ಳಿರಿ. ಊರಿಗೆ ಮರಳುವಾಗ ಖಾನಾವಳಿಯಿಂದ ಖಡಕ್ ರೊಟ್ಟಿಗಳ ಒಂದು ಕಟ್ಟನ್ನೂ ಶೇಂಗಾ ಚಟ್ನಿಯನ್ನೂ ಕಟ್ಟಿಸಿಕೊಳ್ಳಿರಿ. ತೇವ ತಗಲದಂತೆ ಬಟ್ಟೆಯಲ್ಲಿ ಸುತ್ತಿಟ್ಟರೆ ಅವು ವಾರಗಟ್ಟಲೆ ಕೆಡವು.